ಲೀಸ್ ಪತ್ರದಲ್ಲಿ ಗಂಡನ ಹೆಸರಿದ್ದರೆ ಹೆಂಡತಿ, ಮಕ್ಕಳು ಬೀದಿಗೆ ಬೀಳಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಮನೆಯ ಬಗ್ಗೆಯೇ ಇವೆ. ಮೂರನ್ನೂ ಬರೆದವರು ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ಅಮ್ಮಂದಿರು. ಮೊದಲ ಪತ್ರದವರಿಗೆ ಉಳಿದಿರುವ ಸಮಯ ಕಡಿಮೆ, ಮಾಡಬೇಕಾದ ಕೆಲಸ ಜಾಸ್ತಿ. ಅದಕ್ಕೇ ಅವರ ಉತ್ತರ ಉದ್ದವಾಗಿದೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತೀನಿ. ಪಿಎಫ್, ಇಎಸ್‌ಐ ಕಳೆದು ಕೈಗೆ 12 ಸಾವಿರ ಬರುತ್ತೆ. ಮಗನಿಗೆ 11 ವರ್ಷ, ಮಗಳಿಗೆ 6. ನಮ್ಮ ಮನೆಯವರು ಹೋದ ವರ್ಷ ಜಗಳ ಮಾಡಿಕೊಂಡು ಬಿಟ್ಟು ಹೋದರು, ಒಂದು ರೂಪಾಯಿ ಕಳಿಸಿಲ್ಲ. ಡೈವೋರ್ಸ್ ಆಗಿಲ್ಲ. ನಾವಿರೋದು 5 ಲಕ್ಷದ ಲೀಸ್ ಮನೆ. ಅದರಲ್ಲಿ 2 ಲಕ್ಷ ನನ್ನ ಬಳೆ, ಸರ ಮಾರಿದ್ದು. ಆದರೆ ಅಗ್ರಿಮೆಂಟ್ ಅವರ ಹೆಸರಲ್ಲಿದೆ. ಬರೋ ತಿಂಗಳು ಲೀಸ್ ಮುಗಿಯುತ್ತೆ. ಓನರ್ "ದುಡ್ಡು ನಿಮ್ಮ ಯಜಮಾನರ ಅಕೌಂಟಿಗೇ ಹಾಕೋದು, ನೀವು ಖಾಲಿ ಮಾಡಿ" ಅಂತಾರೆ. ಬೇರೆ ಮನೆ ಕೇಳೋಕೆ ಹೋದರೆ ಮೊದಲ ಪ್ರಶ್ನೆನೇ "ಯಜಮಾನ್ರು ಎಲ್ಲಿ?". ತವರಲ್ಲಿ ಅಣ್ಣ ಅತ್ತಿಗೆ ಎರಡು ರೂಮಿನಲ್ಲಿದ್ದಾರೆ. ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗಲಿ? ಹೆಸರು ಹಾಕಬೇಡಿ.
— ಒಬ್ಬ ತಾಯಿ, ಬೆಂಗಳೂರು

ಉತ್ತರ: ತಂಗಿ, ಮೊದಲು ಒಂದು ಮಾತು. ಬೀಗದ ಕೈ ಯಾರಿಗೂ ಕೊಡಬೇಡಿ. ಓನರ್ ಕೇಳಿದರೂ, ನಿಮ್ಮ ಮನೆಯವರು ಇದ್ದಕ್ಕಿದ್ದ ಹಾಗೆ ಬಂದು ಕೇಳಿದರೂ, ಸಂಬಂಧಿಕರು "ಹೋಗಲಿ ಬಿಡಮ್ಮ, ಜಗಳ ಯಾಕೆ" ಅಂದರೂ ಕೊಡಬೇಡಿ. ಲೀಸ್ ಮನೆಯಲ್ಲಿ ದುಡ್ಡು ವಾಪಸ್ ಬರೋದಕ್ಕೂ ಮನೆ ಬಿಟ್ಟುಕೊಡೋದಕ್ಕೂ ನೇರ ಸಂಬಂಧ ಇದೆ. ಒಂದು ಸಲ ಸಾಮಾನು ಹೊರಗೆ ಬಂತು ಅಂದರೆ ಆ 5 ಲಕ್ಷದ ಮೇಲೆ ನಿಮಗೆ ಇರುವ ಹಿಡಿತ ಅಲ್ಲಿಗೇ ತಪ್ಪಿಹೋಗುತ್ತದೆ.

ಪತ್ರ ಗಂಡನ ಹೆಸರಲ್ಲಿದೆ, ಹಾಗಾಗಿ ನನಗೆ ಹಕ್ಕಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮ ಓನರ್ ಕೂಡ ಹಾಗೇ ಅಂದುಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅಂತ ಇದೆಯಲ್ಲ, ಹೊಡೆತ ತಿಂದವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿರುತ್ತಾರೆ. ಖರ್ಚಿಗೆ ಕೊಡದಿರುವುದು, ಇರುವ ಮನೆಯ ಬಾಡಿಗೆ ಕಟ್ಟದಿರುವುದು, ಹೆಂಡತಿಯ ಒಡವೆ ದುಡ್ಡನ್ನು ನುಂಗಿಹಾಕುವುದು, ಇವನ್ನೂ ಆ ಕಾಯ್ದೆ ಆರ್ಥಿಕ ದೌರ್ಜನ್ಯ ಅಂತಲೇ ಕರೆಯುತ್ತದೆ. ಗಂಡ ಹೆಂಡತಿ ಸೇರಿ ಬದುಕಿದ ಮನೆ ಸ್ವಂತದ್ದೋ ಬಾಡಿಗೆಯದೋ, ಪತ್ರ ಇಬ್ಬರ ಹೆಸರಲ್ಲಿದೆಯೋ ಒಬ್ಬರ ಹೆಸರಲ್ಲೋ ಅಂತ ಅದು ನೋಡುವುದಿಲ್ಲ. ಅಲ್ಲಿ ವಾಸಿಸುವ ಹಕ್ಕು ಹೆಂಡತಿಗೂ ಇದೆ ಅಂತ 17ನೇ ಸೆಕ್ಷನ್ ಹೇಳುತ್ತದೆ. 19ನೇ ಸೆಕ್ಷನ್ನಿನ ಕೆಳಗೆ ಮ್ಯಾಜಿಸ್ಟ್ರೇಟ್ ನಿಮ್ಮ ಗಂಡನಿಗೆ "ಕೋರ್ಟಿನ ಅನುಮತಿ ಇಲ್ಲದೆ ಆ ಮನೆಯ ಮೇಲಿನ ಹಕ್ಕು ಬಿಟ್ಟುಕೊಡಬೇಡ" ಅಂತ ಹೇಳಬಹುದು. ಆ ಮನೆಯಲ್ಲಿ ಇರೋಕೆ ಆಗದಿದ್ದರೆ ಅದೇ ಮಟ್ಟದ ಬೇರೆ ಮನೆ ಕೊಡಿಸು, ಇಲ್ಲ ಬಾಡಿಗೆ ಕಟ್ಟು ಅಂತಲೂ ಹೇಳಬಹುದು. ಅವರ ಖಾತೆಗೆ ಬಂದ ಹಣವನ್ನು ಮುಟ್ಟದ ಹಾಗೆ ತಡೆಯೋಕೆ 18ನೇ ಸೆಕ್ಷನ್ ಇದೆ.

ಆದರೆ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಿ. ಈ ಆದೇಶಗಳೆಲ್ಲ ಆಗುವುದು ನಿಮ್ಮ ಗಂಡನ ಮೇಲೆ. ಓನರ್ ಮೇಲೆ ಅಲ್ಲ. ಲೀಸ್ ಅವಧಿ ಮುಗಿದ ಮೇಲೆ ದುಡ್ಡು ವಾಪಸ್ ಕೊಟ್ಟು ತಮ್ಮ ಮನೆ ತಾವು ಕೇಳುವ ಹಕ್ಕು ಅವರಿಗಿದೆ. ನೀವು ಅಲ್ಲೇ ಕಾಯಂ ಇರೋಕೆ ಆಗುವುದಿಲ್ಲ. ನಮಗೆ ಬೇಕಿರುವುದು ಏನು ಅಂದರೆ, ಆ ಹಣ ನಿಮ್ಮನ್ನು ಬಿಟ್ಟು ಹೋದವರ ಜೇಬಿಗೆ ಸೀದಾ ಹೋಗಬಾರದು, ಅದರಲ್ಲಿ ನಿಮ್ಮ ಮತ್ತು ಮಕ್ಕಳ ಮುಂದಿನ ಮನೆ ಆಗಬೇಕು. ಅಷ್ಟೇ.

ಓನರನ್ನು ಶತ್ರು ಮಾಡಿಕೊಳ್ಳಬೇಡಿ. ಅವರ ಜಾಗದಲ್ಲಿ ನಿಂತು ಯೋಚಿಸಿ. ನಿಮ್ಮ ಕೈಗೆ ದುಡ್ಡು ಕೊಟ್ಟು, ನಾಳೆ ನಿಮ್ಮ ಮನೆಯವರು ಅಗ್ರಿಮೆಂಟ್ ಹಿಡಿದುಕೊಂಡು ಬಂದು "ನನ್ನ 5 ಲಕ್ಷ ಎಲ್ಲಿ" ಅಂದರೆ? ಅವರು ಹೆದರಿರುವುದು ಅದಕ್ಕೆ. ಕೋರ್ಟಿನ ಕಾಗದ ಬಂದರೆ ಅವರಿಗೂ ರಕ್ಷಣೆ. ಇದನ್ನು ಅವರಿಗೆ ಬಿಡಿಸಿ ಹೇಳಿ. ಬಾಯಲ್ಲಿ ಹೇಳಿದ್ದು ಸಾಲದು, ಇವತ್ತೇ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಎತ್ತಿಟ್ಟುಕೊಳ್ಳಿ. ಅದರ ಫೋಟೋ ವಾಟ್ಸಾಪ್‌ನಲ್ಲೂ ಕಳಿಸಿ. ಹೀಗೆ ಬರೆದರೆ ಸಾಕು:

"ನಾನು ಮತ್ತು ನನ್ನ ಇಬ್ಬರು ಮಕ್ಕಳು ನಿಮ್ಮ ಮನೆಯಲ್ಲಿ ಲೀಸ್‌ಗೆ ವಾಸವಾಗಿದ್ದೇವೆ. ನನ್ನ ಪತಿ ನಮ್ಮನ್ನು ಬಿಟ್ಟು ಹೋಗಿದ್ದಾರೆ. ಲೀಸ್ ಹಣದಲ್ಲಿ ನನ್ನ ಒಡವೆ ಮಾರಿದ ಹಣವೂ ಸೇರಿದೆ. ಈ ಬಗ್ಗೆ ನಾನು ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಿದ್ದೇನೆ. ನ್ಯಾಯಾಲಯದ ಆದೇಶ ಬರುವವರೆಗೆ ಲೀಸ್ ಹಣವನ್ನು ನನ್ನ ಪತಿಗೆ ಮಾತ್ರ ಕೊಡಬಾರದಾಗಿ ಕೋರುತ್ತೇನೆ. ಹಣದ ವಿಚಾರ ಇತ್ಯರ್ಥವಾದ ದಿನ ಮನೆ ಖಾಲಿ ಮಾಡಿಕೊಡುತ್ತೇನೆ."

ಕೊನೆಯ ಸಾಲು ಬಿಡಬೇಡಿ. ನೀವು ಮನೆ ಕಬಳಿಸೋಕೆ ಕೂತಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ವಕೀಲರು. ಹೆಣ್ಣುಮಕ್ಕಳಿಗೆ ಸರ್ಕಾರದ ವಕೀಲರು ಉಚಿತ, ಸಂಬಳ ಎಷ್ಟು ಅಂತ ಯಾರೂ ಕೇಳುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಹಾಗಿದೆ. ಕೋರ್ಟ್ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅದಕ್ಕಿಂತ ಹತ್ತಿರದ ದಾರಿ ನಿಮ್ಮ ಅಂಗನವಾಡಿ ಟೀಚರ್. ಅವರ ಮೇಲಿನ ಅಧಿಕಾರಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಗೆ ಸಂರಕ್ಷಣಾಧಿಕಾರಿಯೂ ಅವರೇ. ಅವರ ಕಚೇರಿ ಎಲ್ಲಿದೆ ಅಂತ ಟೀಚರ್‌ಗೆ ಗೊತ್ತಿರುತ್ತದೆ. ನಿಮ್ಮ ಮಾತು ಕೇಳಿ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುವುದು ಅವರ ಕೆಲಸ. ಅರ್ಜಿಯಲ್ಲಿ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ಮೊದಲೇ ಸಿಗುವ ತಾತ್ಕಾಲಿಕ ಆದೇಶ ಬೇಕು ಅಂತ ಮರೆಯದೆ ಬರೆಸಿ, 23ನೇ ಸೆಕ್ಷನ್ ಅದಕ್ಕೇ ಇರುವುದು. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳಿದರೂ ಕೇಸು ವರ್ಷಗಟ್ಟಲೆ ಎಳೆಯುವುದು ನಮಗೆಲ್ಲ ಗೊತ್ತು. ನಿಮ್ಮ ಹತ್ತಿರ ಇರುವುದು ಒಂದು ತಿಂಗಳು ಚಿಲ್ಲರೆ. ಮಧ್ಯಂತರ ಆದೇಶ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಹೋಗುವಾಗ ಒಂದು ಕವರಿನಲ್ಲಿ ಕಾಗದಪತ್ರ ಜೋಡಿಸಿಕೊಳ್ಳಿ. ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಮಕ್ಕಳ ಶಾಲೆಯ ದಾಖಲೆ, ರೇಷನ್ ಕಾರ್ಡು, ಆಧಾರ್, ಕರೆಂಟ್ ಬಿಲ್ಲು, ನಿಮ್ಮ ಸಂಬಳದ ಚೀಟಿ. ಅಗ್ರಿಮೆಂಟ್ ನಿಮ್ಮ ಮನೆಯವರ ಹತ್ತಿರ ಇದ್ದರೆ ಓನರ್ ಹತ್ತಿರ ಇನ್ನೊಂದು ಪ್ರತಿ ಇರುತ್ತದೆ, ಒಳ್ಳೆ ಮಾತಿನಲ್ಲಿ ಕೇಳಿ ಎಲ್ಲಾ ಪುಟಗಳ ಫೋಟೋ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಬಳೆ ಮತ್ತು ಸರ ಮಾರಿದ ಅಂಗಡಿಯ ಚೀಟಿ. ಚೀಟಿ ಇಲ್ಲದಿದ್ದರೆ ಆ ಅಂಗಡಿಗೇ ಹೋಗಿ ತಾರೀಖು ಹೇಳಿ ಕೇಳಿ, ಅವರ ಪುಸ್ತಕದಲ್ಲಿ ಬರೆದಿರಬಹುದು. ಮಾರಿದ ದುಡ್ಡು ಬ್ಯಾಂಕಿಗೆ ಬಂದು, ಅಲ್ಲಿಂದ ಓನರ್‌ಗೆ ಹೋಗಿದ್ದರೆ ಪಾಸ್‌ಬುಕ್ಕಿನ ಆ ಪುಟ ಸಾಕು. ಅದು ನಿಮ್ಮ ಸ್ತ್ರೀಧನ. ಅದನ್ನು ವಾಪಸ್ ಕೇಳುವುದು ದುರಾಸೆ ಅಲ್ಲ. ನಾಲ್ಕು ಜನ ಹಾಗೆ ಆಡಿಕೊಂಡರೂ ತಲೆ ಕೆಡಿಸಿಕೊಳ್ಳಬೇಡಿ.

ಈಗ ಹೊಸ ಮನೆಯ ವಿಷಯ. "ಯಜಮಾನ್ರು ಎಲ್ಲಿ?" ಅನ್ನೋ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಾಡಿಗೆ ಕಟ್ಟುವವರು ನೀವು, ಬೆಳಗ್ಗೆ ಎದ್ದು ಮಷಿನ್ ಮುಂದೆ ಕೂರುವವರು ನೀವು. ಆದರೆ ಆ ಪ್ರಶ್ನೆ ಬರುತ್ತಲೇ ಇರುತ್ತೆ, ಅದಕ್ಕೆ ಉತ್ತರ ಮೊದಲೇ ತಯಾರು ಇರಲಿ. ದುಬೈನಲ್ಲಿದ್ದಾರೆ, ಊರಿಗೆ ಹೋಗಿದ್ದಾರೆ ಅಂತ ಸುಮ್ನೆ ಹೇಳಬೇಡಿ. ಒಂದು ದಿನ ಅವರೇ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಆ ಸುಳ್ಳೇ ನಿಮ್ಮನ್ನು ಮನೆ ಬಿಡಿಸುತ್ತದೆ. "ನಾನು, ನನ್ನ ಇಬ್ಬರು ಮಕ್ಕಳು ಇರ್ತೀವಿ. ನಾನೇ ದುಡಿಯೋದು. ಫ್ಯಾಕ್ಟರಿ ಐಡಿ ಇದು, ಮೂರು ತಿಂಗಳ ಸಂಬಳದ ಚೀಟಿ ಇದು" ಅಂತ ಕೈಗೆ ಕೊಡಿ. ಮಾತು ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ವಿವರಣೆ ಕೊಡುತ್ತಾ ಹೋದಷ್ಟೂ ಇನ್ನಷ್ಟು ಕೇಳುತ್ತಾರೆ.

ಬ್ರೋಕರ್‌ಗಿಂತ ನಿಮ್ಮ ಲೈನಿನಲ್ಲಿ ಜೊತೆಗೆ ಕೆಲಸ ಮಾಡುವ ಹೆಂಗಸರಿಗೆ ಹೇಳಿ. ಹೆಗ್ಗನಹಳ್ಳಿ, ಲಗ್ಗೆರೆ, ಸುಂಕದಕಟ್ಟೆ ಕಡೆ ವಠಾರದ ಮನೆಗಳು ಖಾಲಿ ಆಗುವುದು ಬೋರ್ಡ್ ಹಾಕುವ ಮೊದಲೇ ಅಲ್ಲಿರುವವರಿಗೆ ಗೊತ್ತಾಗುತ್ತೆ. ಓನರ್ ಅದೇ ಕಾಂಪೌಂಡಿನಲ್ಲಿ ಇರುವ ಮನೆಯಾದರೆ ಒಳ್ಳೆಯದು. ಸ್ವಲ್ಪ ಕಿರಿಕಿರಿ ಇರಬಹುದು, ಆದರೆ ಓವರ್‌ಟೈಮ್ ಇದ್ದ ದಿನ ಮಕ್ಕಳು ಒಬ್ಬರೇ ಇರುತ್ತಾರೆ ಅನ್ನೋ ಭಯ ಕಮ್ಮಿ. ಶಾಲೆ ಬದಲಿಸದೆ ಇರುವ ಜಾಗ ಸಿಕ್ಕರೆ ಬಾಡಿಗೆ ಐನೂರು ಜಾಸ್ತಿ ಆದರೂ ಹಿಡಿಯಿರಿ.

ಮತ್ತೆ ಲೀಸ್‌ಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ಬಾಡಿಗೆ ಇಲ್ಲ ಅನ್ನುವುದು ದೊಡ್ಡ ಆಕರ್ಷಣೆ, ನಿಜ. ಆದರೆ ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕ್‌ನವರು ಬೀಗ ಹಾಕೋಕೆ ಬರುತ್ತಾರೆ, ಆಗ ನಿಮ್ಮ ದುಡ್ಡಿಗೆ ಕೇಳುವವರೇ ಇರುವುದಿಲ್ಲ. ಓನರಿಂದ ಬಾಡಿಗೆಗೆ ಪಡೆದು ನಿಮಗೆ ಲೀಸ್‌ಗೆ ಕೊಡುವ ಮಧ್ಯವರ್ತಿಗಳಂತೂ ಬೇಡವೇ ಬೇಡ. ಲೀಸೇ ಬೇಕು ಅಂದರೆ ಓನರ್ ಜೊತೆ ನೇರವಾಗಿ, ಇಸಿ (ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡಿ, ಬ್ಯಾಂಕ್ ಮೂಲಕವೇ ಹಣ ಕೊಟ್ಟು, ಪತ್ರ ನೋಂದಣಿ ಮಾಡಿಸಿ. ಬಾಡಿಗೆಯಾಗಲಿ ಲೀಸಾಗಲಿ, ಪತ್ರ ಇನ್ನು ಮುಂದೆ ನಿಮ್ಮ ಹೆಸರಲ್ಲೇ ಇರಲಿ. ಅಣ್ಣನ ಹೆಸರೂ ಬೇಡ.

ಇಷ್ಟರ ಮಧ್ಯೆ ಏನಾದರೂ ಎಡವಟ್ಟಾಗಿ ಒಂದು ರಾತ್ರಿ ಹೊರಗೆ ನಿಲ್ಲುವ ಸ್ಥಿತಿ ಬಂತು ಅಂದುಕೊಳ್ಳಿ. ಯಾರಾದರೂ ಬಲವಂತವಾಗಿ ಹೊರಗೆ ಹಾಕೋಕೆ ಬಂದರೆ 112. ಉಳಿಯೋಕೆ ಜಾಗ ಬೇಕಾದರೆ 181, ಇದು ದಿನದ ಯಾವ ಹೊತ್ತಿಗಾದರೂ ಸಿಗುವ ಮಹಿಳಾ ಸಹಾಯವಾಣಿ. ಅವರು 'ಸಖಿ' ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಮಕ್ಕಳ ಜೊತೆ 5 ದಿನದವರೆಗೆ ಇರಬಹುದು. ಅದಕ್ಕಿಂತ ಹೆಚ್ಚು ದಿನಕ್ಕೆ 'ಶಕ್ತಿ ಸದನ', ಹಿಂದೆ ಸ್ವಾಧಾರ ಗೃಹ ಅಂತಿದ್ದದ್ದು. ನೀವು ಕೆಲಸಕ್ಕೆ ಹೋಗುವವರಾದ್ದರಿಂದ 'ಸಖಿ ನಿವಾಸ'ವನ್ನೂ ಕೇಳಿ. ಅದು ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್, ದೊಡ್ಡ ನಗರದಲ್ಲಿ ತಿಂಗಳ ಆದಾಯ 50 ಸಾವಿರದ ಒಳಗಿದ್ದವರಿಗೆ. ಇಬ್ಬರು ಇರುವ ರೂಮಿಗೆ ಒಟ್ಟು ಸಂಬಳದ ನೂರಕ್ಕೆ 10ಕ್ಕಿಂತ ಜಾಸ್ತಿ ಬಾಡಿಗೆ ತೆಗೆದುಕೊಳ್ಳುವಂತಿಲ್ಲ, ಅಂದರೆ ನಿಮಗೆ 1,200 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಊಟದ ಖರ್ಚು ಬೇರೆ. ಸೀಟು ಕಮ್ಮಿ, ಸಿಕ್ಕರೆ ದೊಡ್ಡ ಉಪಕಾರ.

ಇಲ್ಲಿ ಒಂದು ತೊಡಕು ಇದೆ, ಮೊದಲೇ ಹೇಳಿಬಿಡುತ್ತೇನೆ. ಇಂಥ ಕಡೆಗಳಲ್ಲಿ ಹೆಣ್ಣುಮಕ್ಕಳು 18 ವರ್ಷದವರೆಗೆ ತಾಯಿ ಜೊತೆ ಇರಬಹುದು, ಗಂಡುಮಕ್ಕಳು 12ರವರೆಗೆ ಮಾತ್ರ. ನಿಮ್ಮ ಮಗನಿಗೆ ಈಗ 11. ಹನ್ನೆರಡು ತುಂಬಿದ ಹುಡುಗನನ್ನು ಅಮ್ಮನಿಂದ ಬೇರೆ ಮಾಡುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ, ತಂಗಿ ಜೊತೆ ಬೆಳೆದ ಮಗು ಅದು. ಆದರೆ ನಿಯಮ ಇರುವುದು ಹಾಗೆ. ಹಾಗಾಗಿ ಹಾಸ್ಟೆಲ್ ಅನ್ನುವುದು ನಿಮಗೆ ಕೆಲವು ತಿಂಗಳ ದಾರಿ. ಅಷ್ಟರಲ್ಲಿ ಕೋರ್ಟಿನಿಂದ ಸ್ವಲ್ಪ ಹಣ ಬಿಡಿಸಿಕೊಂಡು ಬಾಡಿಗೆ ಮನೆ ಹಿಡಿಯಬೇಕು.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಾಲ್ಕು ಮನಿ ಕೆಲಸ ಮಾಡಿ ತಿಂಗಳಿಗೆ 7 ಸಾವಿರ ದುಡೀತೀನ್ರಿ. ಗಂಡ ತೀರಿಕೊಂಡು ಎರಡು ವರ್ಷ ಆತು. ಇಬ್ಬರು ಮಕ್ಕಳು, ನಾಲ್ಕನೇತ್ತೆ ಮತ್ತ ಏಳನೇತ್ತೆ. ಬಾಡಿಗಿ 3 ಸಾವಿರ. ಆರಾಮ ಇರಲಿಲ್ಲಂತ ಮೂರು ತಿಂಗಳ ಬಾಡಿಗಿ ಕೊಟ್ಟಿಲ್ಲ. ಮಾಲಕರು "ಇದೇ ರವಿವಾರ ಖಾಲಿ ಮಾಡು, ಇಲ್ಲಂದ್ರ ಕೀಲಿ ಹಾಕ್ತೀನಿ" ಅಂತಾರ. ಮಕ್ಕಳನ್ನ ಅನಾಥಾಶ್ರಮಕ್ಕ ಬಿಡು ಅಂತ ಮಂದಿ ಹೇಳಾಕತ್ಯಾರ.
— ಹುಬ್ಬಳ್ಳಿ

ಉತ್ತರ: ಮಕ್ಕಳನ್ನು ಎಲ್ಲಿಗೂ ಬಿಡಬೇಡಿ ಅಕ್ಕ. ಬಡತನ ಇದೆ ಅಂತ ತಾಯಿಯಿಂದ ಮಗುವನ್ನು ದೂರ ಮಾಡಬಾರದು, ಸಂಸ್ಥೆಗೆ ಸೇರಿಸುವುದು ಎಲ್ಲಾ ದಾರಿ ಮುಚ್ಚಿದ ಮೇಲಿನ ಕೊನೆಯ ದಾರಿ ಅನ್ನುವುದು 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವ. ನಿಮಗೆ ಇನ್ನೂ ಬೇಕಾದಷ್ಟು ದಾರಿ ಇವೆ.

ರವಿವಾರ ಕೀಲಿ ಹಾಕೋಕೆ ಅವರಿಗೆ ಬರುವುದಿಲ್ಲ. ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಕೊಡಬೇಕು, ಆಮೇಲೂ ನೀವು ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಸಾಮಾನು ಎತ್ತಿ ಹೊರಗೆ ಹಾಕಿದರೆ 112ಕ್ಕೆ ಫೋನ್ ಮಾಡಿ. ಆದರೆ ಬಾಕಿ ಇರುವುದೂ ನಿಜ ಅಲ್ವಾ? ಮನೆ ಸೇರುವಾಗ ಎಷ್ಟು ಅಡ್ವಾನ್ಸ್ ಕೊಟ್ಟಿದ್ದಿರಿ ಅಂತ ನೀವು ಬರೆದಿಲ್ಲ. 10 ಸಾವಿರ ಕೊಟ್ಟಿದ್ದರೂ ನಿಮ್ಮ 9 ಸಾವಿರ ಬಾಕಿ ಅದರಲ್ಲೇ ಮುಗಿಯುತ್ತೆ, ಮಾಲಕರಿಗೆ ಇವತ್ತಿಗೆ ಒಂದು ರೂಪಾಯಿ ನಷ್ಟ ಆಗಿಲ್ಲ. ಈ ಲೆಕ್ಕ ಅವರ ಮುಂದೆ ಇಡಿ. ಬರುವ ತಿಂಗಳಿಂದ ಬಾಡಿಗೆಯ ಜೊತೆ ಐನೂರು ಸೇರಿಸಿ ಕೊಡುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ನೀವು ಕೆಲಸ ಮಾಡುವ ಮನೆಯವರಲ್ಲಿ ಒಬ್ಬರು ಜೊತೆಗೆ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು.

ಈಗ ಮುಖ್ಯ ವಿಷಯ. ಗಂಡ ಇಲ್ಲದ, ಗಂಡ ಬಿಟ್ಟ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ನೆರವು ಇದೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಪಟ್ಟಣದಲ್ಲಿ ಮನೆಯ ವರ್ಷದ ಆದಾಯ 96,000, ಹಳ್ಳಿಯಲ್ಲಿ 72,000 ದಾಟಿರಬಾರದು. ನಿಮ್ಮದು ವರ್ಷಕ್ಕೆ 84 ಸಾವಿರ, ಅಂದರೆ ಮಿತಿಯೊಳಗೇ ಇದ್ದೀರಿ. ಮಂಜೂರಾದರೆ ಇಬ್ಬರು ಮಕ್ಕಳಿಗೆ ಸೇರಿ 8,000, ನಿಮ್ಮ ದುಡಿಮೆಗಿಂತ ಜಾಸ್ತಿ! ಇಂಥದ್ದು ಇದೆ ಅಂತ ಎಷ್ಟೋ ತಾಯಂದಿರಿಗೆ ಗೊತ್ತೇ ಇಲ್ಲ ಅನ್ನುವುದು ನನಗೆ ತುಂಬಾ ಬೇಜಾರಿನ ಸಂಗತಿ. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ನಿಮಗೆ ಧಾರವಾಡ. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಕೇಳಿ. ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಕ್ಕಳ ಆಧಾರ್, ಶಾಲೆಯ ದೃಢೀಕರಣ, ಬ್ಯಾಂಕ್ ಪಾಸ್‌ಬುಕ್ ಬೇಕಾಗುತ್ತವೆ. ಮಂಜೂರಾತಿ ನಿಧಾನ, ನಡುವೆ ಹೋಗಿ ವಿಚಾರಿಸುತ್ತಾ ಇರಬೇಕು. ಮಕ್ಕಳು ಶಾಲೆ ತಪ್ಪಿಸಬಾರದು, ತಪ್ಪಿಸಿದರೆ ನೆರವು ನಿಲ್ಲುತ್ತೆ.

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದ ದಿನವೇ ವಿಧವಾ ವೇತನಕ್ಕೂ ಅರ್ಜಿ ಕೊಟ್ಟು ಬನ್ನಿ, ತಿಂಗಳಿಗೆ 800. ರೇಷನ್ ಕಾರ್ಡಿನಲ್ಲಿ ನೀವೇ ಯಜಮಾನಿ ಅಂತ ಇದ್ದರೆ ಗೃಹಲಕ್ಷ್ಮಿಯ 2,000 ಬರುತ್ತಿರಬೇಕು. ಇನ್ನೂ ಗಂಡನ ಹೆಸರೇ ಇದ್ದರೆ ಅದನ್ನು ತೆಗೆಸಿ. ದೊಡ್ಡ ಮಗು ಓದುವ ಶಾಲೆ ದೂರ ಆಗಿದ್ದರೆ ಸರ್ಕಾರಿ ವಿದ್ಯಾರ್ಥಿನಿಲಯ ಕೇಳಬಹುದು. ಅದು ಅನಾಥಾಶ್ರಮ ಅಲ್ಲ, ರಜೆಗೆ ಮಗು ಮನೆಗೇ ಬರುತ್ತೆ. ಪಾಲಿಕೆಯಲ್ಲಿ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತಕ್ಕೂ ಹೆಸರು ಬರೆಸಿ. ವಿಧವೆಯರಿಗೆ, ಒಂಟಿ ಮಹಿಳೆಯರಿಗೆ ಅದರಲ್ಲಿ ಆದ್ಯತೆ ಇದೆ. ಅದು ಆಗುವಾಗ ಆಗಲಿ, ಅದನ್ನೇ ನಂಬಿಕೊಂಡು ಕೂರಬೇಡಿ.

ಪ್ರಶ್ನೆ: ಗಂಡ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದಾರೆ. ನಾನು, ಮಗಳು ಅತ್ತೆ ಮಾವನ ಮನೆಯ ಮೇಲಿನ ಮಹಡಿಯಲ್ಲಿದ್ದೇವೆ. ಮನೆ ಮಾವನ ಹೆಸರಲ್ಲಿದೆ. ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ನಮ್ಮನ್ನು ಹೊರಗೆ ಕಳಿಸಿ ಅಂತ ಅವರು ಎಸಿಗೆ (ಉಪವಿಭಾಗಾಧಿಕಾರಿಗೆ) ಅರ್ಜಿ ಕೊಟ್ಟಿದ್ದಾರೆ, ನನಗೆ ನೋಟಿಸ್ ಬಂದಿದೆ. ಹೋಗಲೇಬೇಕಾ?
— ದಾವಣಗೆರೆ

ಉತ್ತರ: ವಿಚಾರಣೆಗೆ ಖಂಡಿತ ಹೋಗಿ, ಮನೆಯಿಂದ ಹೋಗಬೇಡಿ. ನೋಟಿಸಿನ ತಾರೀಖು ತಪ್ಪಿಸಿದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಿಬಿಡುತ್ತೆ.

ಮಾವನ ಹೆಸರಿನ ಮನೆಯಾದರೂ ಸೊಸೆ ಸಂಸಾರ ಮಾಡಿದ ಮನೆ ಆಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪು ನಿಮ್ಮ ಕೇಸಿಗೆ ಇನ್ನೂ ಹತ್ತಿರ. ಅದು ನಮ್ಮ ಬೆಂಗಳೂರಿನದೇ ಪ್ರಕರಣ, ಎಸ್. ವನಿತಾ ಮತ್ತು ಬೆಂಗಳೂರು ನಗರ ಜಿಲ್ಲಾಧಿಕಾರಿ ನಡುವಿನದು. ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಮುಂದಿಟ್ಟುಕೊಂಡು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಡುವ ವಾಸದ ಹಕ್ಕನ್ನು ಅಳಿಸಿಹಾಕೋಕೆ ಆಗಲ್ಲ, ಎರಡೂ ಕಾಯ್ದೆಗಳನ್ನು ಹೊಂದಿಸಿಕೊಂಡು ನೋಡಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಅಲ್ಲಿ ಸೊಸೆಯನ್ನು ಹೊರಹಾಕುವ ಆದೇಶವೇ ರದ್ದಾಯಿತು.

ಇದು ಇರುವ ಹಕ್ಕು, ಆಸ್ತಿಯ ಹಕ್ಕಲ್ಲ. ಅತ್ತೆ ಮಾವನಿಗೂ ವಯಸ್ಸಾಗಿದೆ, ಮಗನ ತಪ್ಪಿಗೆ ಅವರನ್ನು ಹಿಂಸೆ ಮಾಡಿದ ಹಾಗೆ ಆಗಬಾರದು. ಜೊತೆಗೆ ಇರುವುದು ನಿಜಕ್ಕೂ ಕಷ್ಟ ಅಂತ ಕಂಡರೆ ಗಂಡ ಬೇರೆ ಮನೆ ಮಾಡಿಕೊಡಲಿ ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು. ನಿಮಗೂ ಮಗಳಿಗೂ ಅದು ನೆಮ್ಮದಿ ಅನ್ನಿಸಿದರೆ ಒಪ್ಪಿಕೊಳ್ಳುವುದರಲ್ಲಿ ಸೋಲೇನಿಲ್ಲ. ಬಾಯಿ ಮಾತಿನ ಭರವಸೆಗೆ ಮಾತ್ರ ಮನೆ ಬಿಡಬೇಡಿ.

ನೀವು ಇನ್ನೂ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅರ್ಜಿ ಹಾಕಿಲ್ಲ ಅಂತ ಕಾಣುತ್ತೆ. ಎಸಿ ಮುಂದಿನ ದಿನಾಂಕಕ್ಕೆ ಮೊದಲೇ ಸಿಡಿಪಿಒ ಅಥವಾ ಉಚಿತ ಕಾನೂನು ಸೇವೆಯ ವಕೀಲರ ಮೂಲಕ ಅರ್ಜಿ ಹಾಕಿಸಿ. ಅದರ ಪ್ರತಿ, ಡಿಸೆಂಬರ್ 2020ರ ಆ ತೀರ್ಪಿನ ಪ್ರತಿ, ಮಗಳ ಶಾಲೆಯ ದಾಖಲೆಯಲ್ಲಿರುವ ಅದೇ ಮನೆಯ ವಿಳಾಸ, ಈ ಮೂರನ್ನೂ ನಿಮ್ಮ ಲಿಖಿತ ಉತ್ತರದ ಜೊತೆ ಎಸಿ ಕಚೇರಿಗೆ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.